ಓದುಗರ ಪ್ರಶ್ನೆಗಳಿಗೆ ಉತ್ತರ: ‘ಮೈಸೂರು’ ಎಂಬ ಹೆಸರು ಹೊತ್ತ ಯುದ್ಧನೌಕೆಗಳು

ನಮ್ಮ ನೌಕಾದಳದ ಡೆಸ್ಟ್ರಾಯರ್ ಎಂಬ ದೊಡ್ಡ ಯುದ್ಧನೌಕೆಗಳ ಬಗ್ಗೆ ಪ್ರಶ್ನೆಗಳನ್ನು ಆಹ್ವಾನಿಸಿದಾಗ ಉಡುಪಿ ಮತ್ತು ದಕ್ಷಿಣ ಕನ್ನಡದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಐಎನ್‌ಎಸ್ ಮೈಸೂರು ನೌಕೆಯ ಸುತ್ತಲೇ ಇದ್ದವು. ಕರ್ನಾಟಕದ ಊರೊಂದರ ಹೆಸರು ಹೊತ್ತು ಕಡಲಿಗಿಳಿದ ನೌಕೆಯ ಬಗ್ಗೆ ಕರಾವಳಿಯವರಿಗೆ ಕುತೂಹಲ ಇರುವುದು ಸಹಜ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: 1971ರ ಯುದ್ಧದಲ್ಲಿ ‘ಮೈಸೂರು’ ನೌಕೆ ಪಾಲ್ಗೊಂಡಿತ್ತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಈಗಿನ ಐಎನ್‌ಎಸ್ ಮೈಸೂರು 1999ರಲ್ಲಿ ಸೇವೆಗೆ ಸೇರಿತೆಂದು ಓದಿದೆ. ಎರಡೂ ಹೇಗೆ ನಿಜವಾಗಲು ಸಾಧ್ಯ? — ನಿವೃತ್ತ ಅಧ್ಯಾಪಕಿ, ಉಡುಪಿ

ಉತ್ತರ: ಎರಡೂ ನಿಜ, ಏಕೆಂದರೆ ಆ ಹೆಸರಿನ ನೌಕೆಗಳು ಎರಡು. ತಮ್ಮ ತಂದೆಯವರು ಹೇಳುತ್ತಿದ್ದುದು ಮೊದಲನೆಯದರ ವಿಚಾರ. ಅದು ಡೆಸ್ಟ್ರಾಯರ್ ಅಲ್ಲ, ಅದಕ್ಕಿಂತ ದೊಡ್ಡದಾದ ಕ್ರೂಸರ್ ವರ್ಗದ ನೌಕೆ. ಬ್ರಿಟಿಷ್ ನೌಕಾದಳಕ್ಕಾಗಿ ಟೈನ್ ನದಿಯ ದಡದ ನ್ಯೂಕ್ಯಾಸಲ್‌ನಲ್ಲಿ ಕಟ್ಟಲ್ಪಟ್ಟು 1940ರಲ್ಲಿ ಸೇವೆಗೆ ಸೇರಿದಾಗ ಅದರ ಹೆಸರು ‘ನೈಜೀರಿಯಾ’ ಎಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದು ಕಂಡ ಕಷ್ಟ ಕಡಿಮೆಯದಲ್ಲ. ಮುತ್ತಿಗೆಗೊಳಗಾಗಿದ್ದ ಮಾಲ್ಟಾ ದ್ವೀಪಕ್ಕೆ ಇಂಧನ ಮತ್ತು ಆಹಾರ ಒಯ್ಯುತ್ತಿದ್ದ ಹಡಗುಗಳ ಸಾಲಿಗೆ ಕಾವಲಾಗಿ ಹೋಗುತ್ತಿದ್ದಾಗ, 1942ರ ಆಗಸ್ಟ್ 12ರಂದು ಇಟಲಿಯ ‘ಆಕ್ಸುಮ್’ ಜಲಾಂತರ್ಗಾಮಿ ಬಿಟ್ಟ, ನೀರಿನಡಿಯಲ್ಲಿ ಸಾಗಿ ಬಡಿಯುವ ಟಾರ್ಪಿಡೊ ತಗಲಿ ಅದರ 52 ಮಂದಿ ನಾವಿಕರು ಮಡಿದರು. ನೌಕೆ ಮುಳುಗಲಿಲ್ಲ. ಗಾಯಗೊಂಡ ಸ್ಥಿತಿಯಲ್ಲಿಯೇ ಜಿಬ್ರಾಲ್ಟರ್ ತಲುಪಿ, ದುರಸ್ತಿಯಾಗಿ ಮತ್ತೆ ಯುದ್ಧಕ್ಕೆ ಮರಳಿತು.

ಸ್ವಾತಂತ್ರ್ಯಾನಂತರ ಭಾರತ ಈ ನೌಕೆಯನ್ನು ಕೊಂಡು ಪೂರ್ಣವಾಗಿ ನವೀಕರಿಸಿ, 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. ಭಾರತದ ಧ್ವಜದಡಿ ಅದರ ಮೊದಲ ಕಪ್ತಾನರಾಗಿದ್ದವರು ಎಸ್. ಎಂ. ನಂದಾ. ಮುಂದೆ 1971ರಲ್ಲಿ ಇಡೀ ನೌಕಾದಳದ ಮುಖ್ಯಸ್ಥರಾಗಿದ್ದವರೂ ಇದೇ ನಂದಾ ಅವರು, ಆ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ದಂಡನಾಯಕ ರಿಯರ್ ಅಡ್ಮಿರಲ್ ಕುರುವಿಳ ಅವರ ಧ್ವಜ ಹಾರಿದ್ದೂ ಇದೇ ‘ಮೈಸೂರು’ ನೌಕೆಯ ಮೇಲೆ. ತಮ್ಮ ತಂದೆಯವರ ಮಾತಿಗೆ ಆಧಾರ ಇಲ್ಲಿದೆ.

ಅದಕ್ಕೂ ಹತ್ತು ವರ್ಷ ಮೊದಲಿನ ಒಂದು ಘಟನೆ ನಮ್ಮ ಕರಾವಳಿಗೆ ಇನ್ನೂ ಹತ್ತಿರದ್ದು. ಗೋವಾ ವಿಮೋಚನೆಯ ಸಂದರ್ಭದಲ್ಲಿ, 1961ರ ಡಿಸೆಂಬರ್ 18ರಂದು, ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವ ಕೆಲಸ ‘ಮೈಸೂರು’ ಮತ್ತು ‘ತ್ರಿಶೂಲ್’ ನೌಕೆಗಳ ಪಾಲಿಗೆ ಬಂದಿತ್ತು. ದಡಕ್ಕಿಳಿದ ನಮ್ಮ ನಾವಿಕರ ಮೇಲೆ ದ್ವೀಪದಿಂದ ಗುಂಡಿನ ಮಳೆಗರೆದಾಗ ನೌಕೆಗಳ ಫಿರಂಗಿಗಳ ಆಸರೆಯಲ್ಲಿ ದ್ವೀಪವನ್ನು ವಶಪಡಿಸಿಕೊಳ್ಳಲಾಯಿತು. ಆ ಕಾರ್ಯಾಚರಣೆಯಲ್ಲಿ ನೌಕಾದಳದ ಏಳು ಮಂದಿ ಪ್ರಾಣ ತೆತ್ತರು. ಉಡುಪಿಯಿಂದ ಗೋವಾದ ಕಡೆಗೆ ಹೆದ್ದಾರಿಯಲ್ಲಿ ಹೋಗುವವರಲ್ಲಿ ಎಷ್ಟು ಮಂದಿಗೆ ಈ ದ್ವೀಪದ ಕಥೆ ಗೊತ್ತಿದೆಯೋ ಹೇಳಲಾಗದು. ನಮ್ಮ ಶಾಲೆಗಳ ಮಕ್ಕಳಿಗೆ ಇದನ್ನು ಹೇಳಬೇಕೆಂಬುದು ಈ ಅಂಕಣಕಾರನ ಬಲವಾದ ಅಭಿಪ್ರಾಯ.

ಕ್ರೂಸರ್ ‘ಮೈಸೂರು’ 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು. ಹೆಸರು ಮಾತ್ರ ಉಳಿಯಿತು. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ದೆಹಲಿ ವರ್ಗದ ಮೂರು ಡೆಸ್ಟ್ರಾಯರ್‌ಗಳನ್ನು ಕಟ್ಟಲು ಆರಂಭಿಸಿದಾಗ ಎರಡನೆಯದಕ್ಕೆ ಆ ಹೆಸರನ್ನು ಕೊಡಲಾಯಿತು. 1991ರ ಫೆಬ್ರವರಿ 2ರಂದು ಅದರ ಅಡಿಗಟ್ಟು ಇಡಲಾಯಿತು, 1993ರ ಜೂನ್ 4ರಂದು ಅದು ನೀರಿಗಿಳಿಯಿತು, ಆದರೆ ಸೇವೆಗೆ ಸೇರಿದ್ದು 1999ರ ಜೂನ್ 2ರಂದು, ಅತ್ತ ಕಾರ್ಗಿಲ್ ಶಿಖರಗಳಲ್ಲಿ ಕದನ ನಡೆಯುತ್ತಿದ್ದ ದಿನಗಳಲ್ಲಿ. ನೀರಿಗಿಳಿದ ಮೇಲೆ ಆರು ವರ್ಷ ತಡವಾದದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು ಸೋವಿಯತ್ ಒಕ್ಕೂಟದ ಪತನ. ಈ ವರ್ಗದ ನೌಕೆಗಳ ಒಡಲನ್ನು ನಮ್ಮ ನೌಕಾದಳದ ವಿನ್ಯಾಸಕಾರರೇ ರೂಪಿಸಿದ್ದರೂ ಕ್ಷಿಪಣಿ, ರಾಡಾರ್, ಟರ್ಬೈನುಗಳಲ್ಲಿ ಬಹುಪಾಲು ಅಲ್ಲಿಂದ ಬರಬೇಕಿತ್ತು. ಒಂದು ದೇಶದ ಕಾರ್ಖಾನೆಗಳು ರಾತ್ರಿ ಬೆಳಗಾಗುವುದರಲ್ಲಿ ಬೇರೆ ಬೇರೆ ದೇಶಗಳಿಗೆ ಸೇರಿಹೋದಾಗ ಹಳೆಯ ಒಪ್ಪಂದಗಳ ಸರಕು ಸಕಾಲಕ್ಕೆ ಸಿಗುವುದು ಕಷ್ಟವಾಯಿತು.

ನೌಕೆಯ ಲಾಂಛನದಲ್ಲಿರುವುದು ನಮಗೆಲ್ಲ ಪರಿಚಿತವಾದ ಗಂಡಭೇರುಂಡ. ಅದರ ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’ ತೈತ್ತಿರೀಯ ಉಪನಿಷತ್ತಿನದು. ಬ್ರಹ್ಮಾನಂದವನ್ನು ಅರಿತವನು ಎಂದಿಗೂ ಹೆದರುವುದಿಲ್ಲ ಎಂಬ ಸಾಲಿನ ಕೊನೆಯ ಭಾಗವಿದು.

ಪ್ರಶ್ನೆ: ಡೆಸ್ಟ್ರಾಯರ್, ಫ್ರಿಗೇಟ್ ಎಂದು ಪತ್ರಿಕೆಗಳು ಬರೆಯುತ್ತವೆ. ವ್ಯತ್ಯಾಸವೇನು? ಐಎನ್‌ಎಸ್ ಮೈಸೂರಿನಲ್ಲಿ ಯಾವ ಯಾವ ಅಸ್ತ್ರಗಳಿವೆ? — ಪದವಿ ವಿದ್ಯಾರ್ಥಿ, ಕಾಪು

ಉತ್ತರ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಣ್ಣ ಟಾರ್ಪಿಡೊ ದೋಣಿಗಳು ದೊಡ್ಡ ಯುದ್ಧನೌಕೆಗಳಿಗೆ ಕಂಟಕವಾದಾಗ ಅವುಗಳನ್ನು ಬೆನ್ನಟ್ಟಿ ನಾಶಮಾಡಲು ಬ್ರಿಟನ್ ವೇಗದ ಹೊಸ ನೌಕೆಗಳನ್ನು ಕಟ್ಟಿತು. ಡೆಸ್ಟ್ರಾಯರ್‌ಗಳ ಮೂಲ ಅದು. ಇಂದು ಅವು ಆಕಾಶದಿಂದ, ನೀರಿನ ಮೇಲಿನಿಂದ, ನೀರಿನ ಅಡಿಯಿಂದ ಬರುವ ಅಪಾಯಗಳನ್ನು ಒಟ್ಟಿಗೆ ಎದುರಿಸಿ ತನ್ನ ಜೊತೆಗಿರುವ ಹಡಗುಗಳನ್ನೂ ಕಾಯಬಲ್ಲ ದೊಡ್ಡ ನೌಕೆಗಳಾಗಿ ಬೆಳೆದಿವೆ. ಫ್ರಿಗೇಟ್ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಎರಡರ ನಡುವಿನ ಗೆರೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಆದುದರಿಂದ ಅದಕ್ಕೆ ಹೆಚ್ಚು ಮಹತ್ವ ಕೊಡಬೇಕಾಗಿಲ್ಲ. ನಮ್ಮಲ್ಲಿ ನೌಕೆಯ ಪಕ್ಕದಲ್ಲಿ ಬರೆದ ಸಂಖ್ಯೆಯ ಮೊದಲ ಅಕ್ಷರ ನೋಡಿದರೆ ಸಾಕು: ಮೈಸೂರಿನದು ಡಿ 60, ಫ್ರಿಗೇಟ್‌ಗಳಾದರೆ ಎಫ್ ಅಕ್ಷರ ಇರುತ್ತದೆ.

ಮೈಸೂರು ಸುಮಾರು 163 ಮೀಟರ್ ಉದ್ದ, 17 ಮೀಟರ್ ಅಗಲದ ನೌಕೆ. ಅದರ ಭಾರ 6,000 ಟನ್ನಿಗೂ ಹೆಚ್ಚು, ಸಿಬ್ಬಂದಿ ಸುಮಾರು 350. ಸೇವೆಗೆ ಸೇರಿದಾಗ ಅದರಲ್ಲಿ ಹಡಗುಗಳನ್ನು ಹೊಡೆಯುವ 16 ಉರಾನ್ ಕ್ಷಿಪಣಿಗಳು, ವಿಮಾನಗಳನ್ನು ಹೊಡೆಯುವ ಶ್ಟಿಲ್ ಕ್ಷಿಪಣಿಗಳ ಎರಡು ಉಡಾವಣಾ ಯಂತ್ರಗಳು, ಮುಂಭಾಗದಲ್ಲಿ 100 ಮಿಲಿಮೀಟರಿನ ತೋಪು, ಟಾರ್ಪಿಡೊ ಕೊಳವೆಗಳು, ಜಲಾಂತರ್ಗಾಮಿಗಳ ಮೇಲೆ ಎಸೆಯುವ ರಾಕೆಟ್‌ಗಳು ಮತ್ತು ಎರಡು ಸೀಕಿಂಗ್ ಹೆಲಿಕಾಪ್ಟರುಗಳಿಗೆ ಜಾಗ ಇದ್ದವು. ಈ ಪಟ್ಟಿಯಲ್ಲಿ ಹೆಲಿಕಾಪ್ಟರನ್ನು ಓದುಗರು ಕಡೆಗಣಿಸಬಾರದು. ರಾಡಾರ್ ಕಿರಣ ಭೂಮಿಯ ದುಂಡಗಿನ ಮೈಯನ್ನು ಬಳಸಿಕೊಂಡು ಹೋಗಲಾರದು, ಆದುದರಿಂದ ನೌಕೆಯ ಕಂಬದ ಮೇಲಿಂದ ಸಮುದ್ರದ ಮೇಲ್ಮೈಯಲ್ಲಿ ಕಾಣುವುದು ದಿಗಂತದವರೆಗೆ ಮಾತ್ರ. ಅದರಾಚೆಗೆ ನೋಡಬೇಕಾದರೆ ಕಣ್ಣನ್ನು ಮೇಲಕ್ಕೆ ಕಳುಹಿಸಬೇಕು. ಕಡಲ್ಗಳ್ಳರ ದೋಣಿ ಹುಡುಕುವಾಗಲೂ ನೀರಿನಲ್ಲಿ ಬಿದ್ದವರನ್ನು ಎತ್ತುವಾಗಲೂ ಮೊದಲು ಹಾರುವುದು ಅದೇ.

ಇದು ಗ್ಯಾಸ್ ಟರ್ಬೈನುಗಳ ನೌಕೆಯಾದುದರಿಂದ ನಿಮಿಷಗಳಲ್ಲಿ ಹೊರಡಬಲ್ಲದು. ಹಳೆಯ ಕ್ರೂಸರ್ ಮೈಸೂರಿನಂತಹ ಉಗಿ ಹಡಗುಗಳಲ್ಲಿ ಬಾಯ್ಲರುಗಳನ್ನು ಕಾಯಿಸಿ ಒತ್ತಡ ಏರಿಸಿಕೊಳ್ಳಲು ಗಂಟೆಗಳೇ ಬೇಕಾಗುತ್ತಿದ್ದವು.

ಪ್ರಶ್ನೆ: ನನ್ನ ಮಗ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಹಡಗು ಏಡನ್ ಕೊಲ್ಲಿಯ ದಾರಿಯಲ್ಲಿರುವಾಗ ನಮಗೆ ನಿದ್ದೆ ಬರುವುದಿಲ್ಲ. ಅಲ್ಲಿ ನಮ್ಮ ಯುದ್ಧನೌಕೆಗಳು ನಿಜವಾಗಿ ಏನು ಮಾಡುತ್ತವೆ? — ತಾಯಿ, ಸುರತ್ಕಲ್

ಉತ್ತರ: ಅಮ್ಮ, ತಮ್ಮಂತಹ ಅನೇಕ ಮನೆಗಳು ಈ ಎರಡು ಜಿಲ್ಲೆಗಳಲ್ಲಿವೆ. ಯೆಮೆನ್ ಮತ್ತು ಸೊಮಾಲಿಯಾಗಳ ನಡುವಿನ ಆ ಕೊಲ್ಲಿಯಲ್ಲಿ ಭಾರತದ ನೌಕೆಗಳು 2008ರ ಅಕ್ಟೋಬರಿನಿಂದ ಕಡಲ್ಗಳ್ಳರ ವಿರುದ್ಧ ಕಾವಲಿನಲ್ಲಿವೆ. ಸೂಯೆಜ್ ಕಾಲುವೆಯ ಮೂಲಕ ಯುರೋಪಿಗೆ ಹೋಗುವ ಮತ್ತು ಅಲ್ಲಿಂದ ಬರುವ ಹಡಗುಗಳೆಲ್ಲ ಈ ಕೊಲ್ಲಿಯನ್ನು ದಾಟಲೇಬೇಕು. ಮಂಗಳೂರಿನ ನಮ್ಮ ಬಂದರಿನಿಂದ ಆ ಕಡೆಗೆ ಹೋಗುವ ಕಾಫಿಯ ದಾರಿಯೂ ಅದೇ.

ಆ ಕಾವಲಿನ ಮೊದಲ ತಿಂಗಳುಗಳಲ್ಲಿ ‘ತಬರ್’ ಎಂಬ ಫ್ರಿಗೇಟ್ ಅಲ್ಲಿತ್ತು. ಅದರ ಬೆನ್ನಿಗೆ ಹೋದದ್ದು ಐಎನ್‌ಎಸ್ ಮೈಸೂರು. 2008ರ ಡಿಸೆಂಬರ್ 13ರಂದು ಇಥಿಯೋಪಿಯಾದ ಧ್ವಜ ಹೊತ್ತ ‘ಗಿಬೆ’ ಎಂಬ ಸರಕು ಹಡಗು ತನ್ನನ್ನು ಕಡಲ್ಗಳ್ಳರು ಬೆನ್ನಟ್ಟಿ ಗುಂಡು ಹಾರಿಸುತ್ತಿದ್ದಾರೆಂದು ರೇಡಿಯೊದಲ್ಲಿ ಕೂಗಿತು. ಮೈಸೂರು ತನ್ನ ಹೆಲಿಕಾಪ್ಟರನ್ನು ಹಾರಿಸಿ, ತಾನೂ ಆ ಕಡೆಗೆ ಧಾವಿಸಿತು. ನೌಕೆಯನ್ನು ಕಂಡ ಕಡಲ್ಗಳ್ಳರು ತಪ್ಪಿಸಿಕೊಳ್ಳಲು ನೋಡಿದರಾದರೂ ನೌಕಾದಳದ ಕಮಾಂಡೊಗಳು ಅವರ ದೋಣಿಗಳನ್ನೇರಿ 23 ಮಂದಿಯನ್ನು ಸೆರೆಹಿಡಿದರು. ಅವರಲ್ಲಿ 12 ಮಂದಿ ಸೊಮಾಲಿಯಾದವರು, 11 ಮಂದಿ ಯೆಮೆನಿನವರು. ಎಕೆ-47 ಬಂದೂಕುಗಳು, ಮಷಿನ್ ಗನ್‌ಗಳು, ರಾಕೆಟ್ ಲಾಂಚರ್ ಎಲ್ಲವೂ ಆ ದೋಣಿಗಳಲ್ಲಿದ್ದವು. ಸೆರೆಸಿಕ್ಕವರನ್ನು ಯೆಮೆನ್ ಅಧಿಕಾರಿಗಳಿಗೆ ಒಪ್ಪಿಸಲಾಯಿತು.

ಇಲ್ಲಿ ಕಾನೂನಿನ ಒಂದು ತೊಡಕಿತ್ತು. ತೆರೆದ ಸಮುದ್ರದಲ್ಲಿ, ಬೇರೆ ದೇಶದ ಹಡಗಿನ ಮೇಲೆ, ಬೇರೆ ದೇಶದವರು ಮಾಡಿದ ಅಪರಾಧವನ್ನು ನಮ್ಮ ನ್ಯಾಯಾಲಯ ವಿಚಾರಿಸಲು ಪ್ರತ್ಯೇಕ ಕಾಯ್ದೆ ಆಗ ಇರಲಿಲ್ಲ. ಸಂಸತ್ತು ಕಡಲ್ಗಳ್ಳತನ ತಡೆ ಕಾಯ್ದೆಯನ್ನು ಅಂಗೀಕರಿಸಿದ್ದು 2022ರಲ್ಲಿ. ಅದರ ಫಲ ಕಾಣಿಸಿದ್ದು ಮತ್ತೊಂದು ಡೆಸ್ಟ್ರಾಯರ್‌ನ ಕೈಯಲ್ಲಿ. 2024ರ ಮಾರ್ಚಿನಲ್ಲಿ ಐಎನ್‌ಎಸ್ ಕೋಲ್ಕತ, ಮೂರು ತಿಂಗಳ ಹಿಂದೆ ಅಪಹರಣಗೊಂಡಿದ್ದ ‘ರುಯೆನ್’ ಹಡಗನ್ನು ಸುಮಾರು 40 ಗಂಟೆಗಳ ಕಾಲ ಬಿಡದೆ ತಡೆದು ನಿಲ್ಲಿಸಿತು. ಕಮಾಂಡೊಗಳನ್ನು ವಾಯುಪಡೆಯ ವಿಮಾನದಿಂದ ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಇಳಿಸಲಾಯಿತು. 35 ಕಡಲ್ಗಳ್ಳರು ಶರಣಾದರು, ಹಡಗಿನ 17 ಮಂದಿ ಸಿಬ್ಬಂದಿ ಒಂದು ಗಾಯವೂ ಇಲ್ಲದೆ ಬಿಡುಗಡೆಯಾದರು. ಈ ಬಾರಿ ಸೆರೆಸಿಕ್ಕವರನ್ನು ಮುಂಬಯಿಗೇ ತಂದು ಪೊಲೀಸರಿಗೆ ಒಪ್ಪಿಸಲಾಯಿತು.

ಕಡಲ್ಗಳ್ಳರಷ್ಟೇ ಅಲ್ಲದೆ ಡ್ರೋನ್ ಮತ್ತು ಕ್ಷಿಪಣಿಗಳ ಭಯವೂ ಈಗ ಸೇರಿದೆ. 2023ರ ಡಿಸೆಂಬರ್ 23ರಂದು ಅರಬ್ಬಿ ಸಮುದ್ರದಲ್ಲಿ ಡ್ರೋನ್ ದಾಳಿಗೆ ತುತ್ತಾದ ‘ಕೆಮ್ ಪ್ಲೂಟೊ’ ಟ್ಯಾಂಕರ್ ಸೌದಿ ಅರೇಬಿಯಾದಿಂದ ಕಚ್ಚಾ ತೈಲ ಹೊತ್ತು ಬರುತ್ತಿದ್ದುದು ನಮ್ಮ ಪಣಂಬೂರಿನ ಬಂದರಿಗೆ. ಅದರಲ್ಲಿದ್ದವರಲ್ಲಿ 20 ಮಂದಿ ಭಾರತೀಯರು, ಒಬ್ಬರು ವಿಯೆಟ್ನಾಮಿನವರು. ಬೆಂಕಿ ಆರಿತು, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಡೆಸ್ಟ್ರಾಯರ್ ‘ಮೊರ್ಮುಗಾವ್’ ಅದರ ನೆರವಿಗೆ ಹೋಯಿತು, ಕರಾವಳಿ ಕಾವಲು ಪಡೆಯ ‘ವಿಕ್ರಮ್’ ಅದನ್ನು ಮುಂಬಯಿಗೆ ಕರೆತಂದಿತು. ಇದಾದ ಕೂಡಲೆ ನೌಕಾದಳ ಮೊರ್ಮುಗಾವ್, ಕೊಚ್ಚಿ, ಕೋಲ್ಕತ ಈ ಮೂರು ಡೆಸ್ಟ್ರಾಯರ್‌ಗಳನ್ನು ಅರಬ್ಬಿ ಸಮುದ್ರದ ಬೇರೆ ಬೇರೆ ಕಡೆಗಳಲ್ಲಿ ನಿಲ್ಲಿಸಿತು. 2024ರ ಜನವರಿ 5ರಂದು ಸೊಮಾಲಿಯಾದ ತೀರದಾಚೆ ಅಪಹರಣಕಾರರು ಏರಿದ್ದ ‘ಲೀಲಾ ನಾರ್ಫೋಕ್’ ಹಡಗಿನಿಂದ 15 ಭಾರತೀಯರೂ ಸೇರಿ 21 ಮಂದಿಯನ್ನು ಬಿಡಿಸಿದ್ದು ಐಎನ್‌ಎಸ್ ಚೆನ್ನೈ. ಅದೇ ತಿಂಗಳ ಕೊನೆಯಲ್ಲಿ ಕ್ಷಿಪಣಿ ತಗಲಿ ಹೊತ್ತಿ ಉರಿಯುತ್ತಿದ್ದ ‘ಮಾರ್ಲಿನ್ ಲುವಾಂಡಾ’ ಟ್ಯಾಂಕರಿಗೆ ಐಎನ್‌ಎಸ್ ವಿಶಾಖಪಟ್ಟಣದ ಅಗ್ನಿಶಾಮಕ ತಂಡ ಇಳಿದು ಬೆಂಕಿ ನಂದಿಸಲು ದುಡಿಯಿತು. ಆ ಟ್ಯಾಂಕರಿನಲ್ಲಿ 22 ಮಂದಿ ಭಾರತೀಯ ನಾವಿಕರಿದ್ದರು.

ತಮ್ಮ ಮಗನ ಹಡಗು ಕಡಲ್ಗಳ್ಳರ ವಲಯಕ್ಕೆ ಬರುವ ಮೊದಲೇ ತನ್ನ ದಾರಿಯನ್ನು ನೌಕಾ ಸಂಪರ್ಕ ಕೇಂದ್ರಗಳಿಗೆ ತಿಳಿಸಿರುತ್ತದೆ. ಹಡಗಿನೊಳಗೆ ಸಿಬ್ಬಂದಿ ಅಡಗಿಕೊಳ್ಳಲು ಭದ್ರವಾದ ಕೋಣೆಯೊಂದಿರುತ್ತದೆ. ಕಡಲ್ಗಳ್ಳರು ಹಡಗನ್ನೇರಿದರೂ ಸಿಬ್ಬಂದಿ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದರೆ ಒತ್ತೆಯಾಳುಗಳೆಂಬವರೇ ಅವರಿಗೆ ಸಿಗುವುದಿಲ್ಲ, ಕಮಾಂಡೊಗಳಿಗೂ ಕೆಲಸ ಸುಲಭವಾಗುತ್ತದೆ. ‘ಲೀಲಾ ನಾರ್ಫೋಕ್’ ಹಡಗಿನವರನ್ನು ಉಳಿಸಿದ್ದು ಇದೇ ಎಚ್ಚರ.

ಪ್ರಶ್ನೆ: ಐಎನ್‌ಎಸ್ ಮೈಸೂರು ಇಷ್ಟು ವರ್ಷಗಳಲ್ಲಿ ಶತ್ರುವಿನ ಒಂದು ಯುದ್ಧನೌಕೆಯನ್ನೂ ಮುಳುಗಿಸಿಲ್ಲ. ಯುದ್ಧ ಮಾಡದ ನೌಕೆಗೆ ಸೇವಾಚರಿತ್ರೆ ಎಂದು ಬರೆಯುವಂಥದ್ದು ಏನಿದೆ? ನಿಜವಾಗಿ ಕಾದಾಡಿದ ಭಾರತೀಯ ಡೆಸ್ಟ್ರಾಯರ್ ಯಾವುದಾದರೂ ಇದೆಯೆ? — ವ್ಯಾಪಾರಿ, ಕುಂದಾಪುರ

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಇದೆ. ಅದರ ಹೆಸರು ‘ರಜಪೂತ್’. ಸ್ವತಂತ್ರ ಭಾರತದ ಮೊದಲ ಮೂರು ಡೆಸ್ಟ್ರಾಯರ್‌ಗಳು ರಜಪೂತ್, ರಾಣಾ, ರಂಜಿತ್. ಮೂರೂ 1949ರಲ್ಲಿ ಬ್ರಿಟನ್ನಿನಿಂದ ಬಂದ, ಮಹಾಯುದ್ಧದಲ್ಲಿ ದುಡಿದ ನೌಕೆಗಳು. ರಜಪೂತ್ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ 1942ರಲ್ಲಿ ‘ರಾದರ್‌ಹ್ಯಾಮ್’ ಎಂಬ ಹೆಸರಿನಲ್ಲಿ ನೀರಿಗಿಳಿದಿತ್ತು. 1945ರ ಸೆಪ್ಟೆಂಬರಿನಲ್ಲಿ ಸಿಂಗಪುರದ ನೌಕಾನೆಲೆಯಲ್ಲಿದ್ದ ಜಪಾನೀಯರ ಶರಣಾಗತಿಯನ್ನು ಸ್ವೀಕರಿಸಿದ್ದು ಅದರ ಕಪ್ತಾನರು.

1971ರ ಹೊತ್ತಿಗೆ ಈ ನೌಕೆ ಮುದಿಯಾಗಿತ್ತು, ನಿವೃತ್ತಿಗೆ ಹತ್ತಿರವಾಗಿತ್ತು. ಪೂರ್ವದಲ್ಲಿ ನಮ್ಮ ಬಲವೆಲ್ಲ ನಿಂತಿದ್ದುದು ವಿಮಾನವಾಹಕ ನೌಕೆ ವಿಕ್ರಾಂತದ ಮೇಲೆ. ಅದನ್ನು ಮುಳುಗಿಸಲೆಂದೇ ಪಾಕಿಸ್ತಾನ ತನ್ನ ದೂರಗಾಮಿ ಜಲಾಂತರ್ಗಾಮಿ ‘ಘಾಜಿ’ಯನ್ನು ನವೆಂಬರ್ 14ರಂದು ಕರಾಚಿಯಿಂದ ಬಂಗಾಳ ಕೊಲ್ಲಿಗೆ ಕಳುಹಿಸಿತು. ಮೊದಲು ಅಮೆರಿಕದ್ದಾಗಿದ್ದ ಘಾಜಿ ಅಷ್ಟು ದೂರ ಹೋಗಿ ಕಾದಾಡಬಲ್ಲ ಪಾಕಿಸ್ತಾನದ ಏಕೈಕ ಜಲಾಂತರ್ಗಾಮಿಯಾಗಿತ್ತು. ನಮ್ಮವರು ವಿಕ್ರಾಂತವನ್ನು ಗುಟ್ಟಾಗಿ ಅಂಡಮಾನಿಗೆ ಸಾಗಿಸಿದರು. ಆಮೇಲೆ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರ ನಾಯಕತ್ವದ ರಜಪೂತ್, ವಿಶಾಖಪಟ್ಟಣದ ಆಸುಪಾಸಿನಲ್ಲಿದ್ದುಕೊಂಡು ತಾನೇ ವಿಕ್ರಾಂತವೆಂಬ ಭ್ರಮೆ ಹುಟ್ಟಿಸುವಂತೆ ದೊಡ್ಡ ನೌಕೆಗೆ ತಕ್ಕ ರೇಡಿಯೊ ಸಂದೇಶಗಳನ್ನು ಹರಿಯಬಿಟ್ಟಿತು. ಗಾಳಕ್ಕೆ ಕಟ್ಟುವ ಜೀವಂತ ಮೀನಿನ ಸ್ಥಿತಿ ಅದರದ್ದು.

ಡಿಸೆಂಬರ್ 3ರ ನಡುರಾತ್ರಿಯ ಸುಮಾರಿಗೆ ರಜಪೂತ್ ವಿಶಾಖಪಟ್ಟಣದ ಬಂದರಿನಿಂದ ಹೊರಬರುತ್ತಿದ್ದಾಗ ಎದುರಿನ ನೀರಿನಲ್ಲಿ ಅಸಹಜವಾದ ಕದಡಾಟ ಕಂಡು, ಅಲ್ಲಿ ಜಲಾಂತರ್ಗಾಮಿ ಮುಳುಗುತ್ತಿರಬಹುದೆಂದು ಎಣಿಸಿ, ವೇಗ ಹೆಚ್ಚಿಸಿಕೊಂಡು ನೀರಿನ ಆಳದಲ್ಲಿ ಸಿಡಿಯುವ ಎರಡು ಡೆಪ್ತ್ ಚಾರ್ಜ್‌ಗಳನ್ನು ಹಾಕಿ ಮುಂದೆ ಸಾಗಿತು. ಸ್ವಲ್ಪ ಹೊತ್ತಿನಲ್ಲಿ ಕೇಳಿಬಂದ ಭಾರೀ ಸ್ಫೋಟ ಊರಿನ ಕಿಟಕಿಗಳನ್ನು ನಡುಗಿಸಿತು. ಘಾಜಿ 90ಕ್ಕೂ ಹೆಚ್ಚು ನಾವಿಕರೊಂದಿಗೆ ಅಲ್ಲಿಯೇ ಮುಳುಗಿತ್ತು. ಅವರಲ್ಲಿ ಒಬ್ಬರೂ ಉಳಿಯಲಿಲ್ಲ. ಇಂದರ್ ಸಿಂಗ್ ಅವರಿಗೆ ವೀರ ಚಕ್ರ ಸಂದಿತು.

ಇಲ್ಲಿ ಓದುಗರಿಗೆ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಘಾಜಿಯನ್ನು ರಜಪೂತ್ ಮುಳುಗಿಸಿತೆಂಬುದು ನಮ್ಮ ನೌಕಾದಳದ ನಿಲುವು. ನೀರಿನಲ್ಲಿ ತಾನೇ ಹುದುಗಿಸಿದ ಸ್ಫೋಟಕ (ಮೈನ್) ಸಿಡಿದು ಅಥವಾ ತನ್ನೊಳಗಿನ ಸ್ಫೋಟದಿಂದ ಅದು ಮುಳುಗಿತೆಂಬುದು ಪಾಕಿಸ್ತಾನದ ನಿಲುವು. ಅವಶೇಷ ಇಂದಿಗೂ ವಿಶಾಖಪಟ್ಟಣದ ಹತ್ತಿರದ ತಳದಲ್ಲಿದೆ, 2024ರಲ್ಲಿ ನಮ್ಮ ನೌಕಾದಳ ಆಳ ಸಮುದ್ರದ ರಕ್ಷಣಾ ವಾಹನದಿಂದ ಅದನ್ನು ಮತ್ತೆ ಗುರುತಿಸಿತು, ಮಡಿದವರ ಮೇಲಿನ ಗೌರವದಿಂದ ಮುಟ್ಟದೆ ಬಿಟ್ಟಿತು. ಈ ಅಂಕಣಕಾರನ ದೃಷ್ಟಿಯಲ್ಲಿ, ಆ ಚರ್ಚೆ ಯಾವ ಕಡೆಗೆ ತೀರ್ಮಾನವಾದರೂ ರಜಪೂತ್ ನೌಕೆಯ ಹಿರಿಮೆ ಕುಗ್ಗುವುದಿಲ್ಲ. ತನ್ನನ್ನು ಹುಡುಕಿ ಬರುತ್ತಿರುವ ಜಲಾಂತರ್ಗಾಮಿಯನ್ನು ತನ್ನ ಕಡೆಗೇ ಸೆಳೆಯಲು ಒಪ್ಪಿ, ಹಳೆಯ ಯಂತ್ರಗಳನ್ನು ನಂಬಿಕೊಂಡು ದಿನಗಟ್ಟಲೆ ಕಡಲಲ್ಲಿದ್ದ ಸಿಬ್ಬಂದಿಯ ಧೈರ್ಯವನ್ನು ಎರಡೂ ಕಡೆಯವರು ಅಲ್ಲಗಳೆಯಲಾರರು. ಘಾಜಿ ವಿಶಾಖಪಟ್ಟಣದ ಬಾಗಿಲಲ್ಲಿ ಕಾಯುತ್ತ ಉಳಿದದ್ದರಿಂದಲೇ ವಿಕ್ರಾಂತದ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್‌ಗಳ ಮೇಲೆ ನಿರಾತಂಕವಾಗಿ ಎರಗಿದವು.

ಇನ್ನು ಮೊದಲನೆಯ ಪ್ರಶ್ನೆ. ಯುದ್ಧ ಮಾಡದ ನೌಕೆಯ ಚರಿತ್ರೆಯಲ್ಲಿ ಏನಿದೆಯೆಂದು ಕೇಳಿದ್ದೀರಿ. ಮೈಸೂರಿನ ಕೆಲವು ದಿನಗಳನ್ನು ಎತ್ತಿ ತೋರಿಸುತ್ತೇನೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ, ನಮ್ಮದೇ ತಮಿಳುನಾಡು ಮತ್ತು ಅಂಡಮಾನ್ ತತ್ತರಿಸಿದ್ದಾಗಲೂ, ಭಾರತ ನೆರೆಯವರನ್ನು ಮರೆಯಲಿಲ್ಲ. ‘ಕ್ಯಾಸ್ಟರ್’ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಮಾಲ್ದೀವ್ಸ್‌ಗೆ ಹೋದ ನೌಕೆಗಳು ಮೈಸೂರು, ಉದಯಗಿರಿ ಮತ್ತು ಆದಿತ್ಯ. ಸಮುದ್ರ ಮಟ್ಟಕ್ಕಿಂತ ಹೆಚ್ಚೇನೂ ಎತ್ತರವಿಲ್ಲದ ಆ ದ್ವೀಪಗಳಲ್ಲಿ ಬಾವಿಗಳಿಗೆ ಉಪ್ಪು ನೀರು ನುಗ್ಗಿತ್ತು, ವಿದ್ಯುತ್ ಯಂತ್ರಗಳು ಕೆಟ್ಟಿದ್ದವು. ಯುದ್ಧನೌಕೆಯೊಂದು ಸಮುದ್ರದ ನೀರನ್ನು ಸಿಹಿನೀರಾಗಿಸುವ ಯಂತ್ರ, ಜನರೇಟರ್ ದುರಸ್ತಿ ಬಲ್ಲ ತಂತ್ರಜ್ಞರು, ವೈದ್ಯರು, ಹೆಲಿಕಾಪ್ಟರ್ ಇವೆಲ್ಲವನ್ನೂ ಹೊತ್ತ ಒಂದು ಸಣ್ಣ ಊರೇ ಆಗಿರುವುದರಿಂದ ಅಂಥ ವೇಳೆಯಲ್ಲಿ ಅದರಷ್ಟು ಉಪಯೋಗಕ್ಕೆ ಬರುವುದು ಮತ್ತೊಂದಿಲ್ಲ.

2011ರಲ್ಲಿ ಲಿಬಿಯಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸುಮಾರು 18,000 ಭಾರತೀಯರಿದ್ದರು. ಅವರಲ್ಲಿ ಹೆಚ್ಚಿನವರು ವಿಮಾನಗಳಲ್ಲಿಯೂ ಬೆಂಗಾಜಿಯಿಂದ ಬಾಡಿಗೆಗೆ ಪಡೆದ ‘ಸ್ಕೋಶಿಯಾ ಪ್ರಿನ್ಸ್’ ಎಂಬ ಪ್ರಯಾಣಿಕ ಹಡಗಿನಲ್ಲಿಯೂ ಹೊರಬಂದರು. ಆದರೆ ವಿಮಾನ ನಿಲ್ದಾಣಗಳು ಮುಚ್ಚಿದರೆ ಏನು ಗತಿ ಎಂಬ ಪ್ರಶ್ನೆ ಆಗ ದಿನವೂ ಕಾಡುತ್ತಿತ್ತು. ಅದಕ್ಕೆ ಉತ್ತರವಾಗಿ ಫೆಬ್ರವರಿ 26ರಂದು ಮೈಸೂರು ಮತ್ತು ಜಲಾಶ್ವ ನೌಕೆಗಳು ಮುಂಬಯಿಯಿಂದ ಹೊರಟವು, ಆದಿತ್ಯವೂ ಸೇರಿಕೊಂಡಿತು. ಜಲಾಶ್ವ ಜನರನ್ನು ತುಂಬಿಕೊಳ್ಳಬಲ್ಲ ದೊಡ್ಡ ಹಡಗು, ಆದಿತ್ಯ ಇಂಧನ ಒದಗಿಸುವ ಹಡಗು, ಅವೆರಡಕ್ಕೂ ಬೆಂಗಾವಲು ಮೈಸೂರು. ಕೊಲ್ಲಿ ದೇಶಗಳಲ್ಲಿ ಮಕ್ಕಳಿರುವ ಮನೆಗಳೇ ಹೆಚ್ಚಿರುವ ನಮ್ಮ ಕರಾವಳಿಯಲ್ಲಿ ಇಂತಹ ಸಿದ್ಧತೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. 2015ರಲ್ಲಿ ಯೆಮೆನಿನಿಂದ ಜನರನ್ನು ಕರೆತರುವಾಗ ಇದೇ ವರ್ಗದ ಐಎನ್‌ಎಸ್ ಮುಂಬಯಿ ಏಡನ್ ಬಂದರಿನ ಗುಂಡಿನ ಸದ್ದಿನ ನಡುವೆ ನಿಂತು, ಸಣ್ಣ ದೋಣಿಗಳಲ್ಲಿ ಬಂದವರನ್ನು ಹತ್ತಿಸಿಕೊಂಡಿತು. ಹಾಗೆ ಹತ್ತಿದವರಲ್ಲಿ ಬೇರೆ ದೇಶಗಳವರೂ ಇದ್ದರು.

ಇವುಗಳ ನಡುವೆ ಹೆಸರಿಲ್ಲದ ದಿನಗಳೇ ಹೆಚ್ಚು: ಗಸ್ತು, ತರಬೇತಿ, ದುರಸ್ತಿ, ವಿದೇಶ ಭೇಟಿ. 2007ರಲ್ಲಿ ಮೈಸೂರು ಜಪಾನಿನ ಯೊಕೊಸುಕವರೆಗೂ ಹೋಗಿ ಅಮೆರಿಕ ಮತ್ತು ಜಪಾನ್ ನೌಕಾದಳಗಳ ಜೊತೆ ಕವಾಯತು ನಡೆಸಿತು. ಡೆಸ್ಟ್ರಾಯರ್ ಒಂದು ಕಡಲಲ್ಲಿರುವುದರಿಂದ ನಡೆಯದೆ ಉಳಿದ ದಾಳಿಗಳನ್ನು ಯಾವ ದಾಖಲೆಯಲ್ಲೂ ಬರೆಯಲಾಗದು. ಆದುದರಿಂದ ಮುಳುಗಿಸಿದ ಹಡಗುಗಳ ಲೆಕ್ಕದಿಂದ ಅದರ ಸೇವೆಯನ್ನು ಅಳೆಯುವುದು ನ್ಯಾಯವಲ್ಲವೆಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ಊರುಗಳ ಹೆಸರನ್ನು ನೌಕೆಗಳಿಗೆ ಇಡುವುದಾದರೆ ನಮ್ಮ ಊರಿನ ಹೆಸರು ಯಾವಾಗ? — ಮೀನುಗಾರ, ಮಲ್ಪೆ

ಉತ್ತರ: ಈಗಾಗಲೇ ಇಟ್ಟಿದ್ದಾರೆ! ಡೆಸ್ಟ್ರಾಯರ್‌ಗಳಿಗೆ ದೆಹಲಿ ವರ್ಗದಿಂದ ಈಚೆಗೆ ನಗರಗಳ ಹೆಸರಿಡುವುದು ರೂಢಿಯಾಗಿದ್ದು, ಕೋಲ್ಕತ, ಕೊಚ್ಚಿ, ಚೆನ್ನೈ, ವಿಶಾಖಪಟ್ಟಣ, ಮೊರ್ಮುಗಾವ್, ಇಂಫಾಲ್ ಆದ ಮೇಲೆ 2025ರ ಜನವರಿಯಲ್ಲಿ ಸೂರತ್ ಸೇವೆಗೆ ಸೇರಿತು. ಆದರೆ ತಮ್ಮ ಊರಿನ ಹೆಸರಿನ ‘ಮಲ್ಪೆ’ ಮತ್ತು ಅದರ ಜೊತೆಯ ‘ಮುಲ್ಕಿ’ ಡೆಸ್ಟ್ರಾಯರ್‌ಗಳಲ್ಲ. ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಜಲಾಂತರ್ಗಾಮಿಗಳನ್ನು ಬೇಟೆಯಾಡುವ, ಸುಮಾರು 78 ಮೀಟರ್ ಉದ್ದದ ನೌಕೆಗಳು. 2024ರ ಸೆಪ್ಟೆಂಬರ್ 9ರಂದು ಕೊಚ್ಚಿ ಹಡಗುಕಟ್ಟೆಯಲ್ಲಿ ಎರಡೂ ಒಂದೇ ದಿನ ನೀರಿಗಿಳಿದವು. ಇವೇ ಹೆಸರಿನ ಹಳೆಯ ಮೈನ್ ತೆಗೆಯುವ ನೌಕೆಗಳು ಹಿಂದೆ ನಮ್ಮ ನೌಕಾದಳದಲ್ಲಿದ್ದವು, ಅವುಗಳ ನೆನಪನ್ನು ಹೊಸವು ಮುಂದುವರಿಸುತ್ತಿವೆ. ಮಲ್ಪೆಯಲ್ಲಿಯೇ ಟಗ್ ಕಟ್ಟುತ್ತಿರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೇ ಕೊಚ್ಚಿ ಹಡಗುಕಟ್ಟೆಯ ಅಂಗಸಂಸ್ಥೆ ಎಂಬುದನ್ನು ತಮಗೆ ತಿಳಿಸಬೇಕಾಗಿಲ್ಲ.

ಪ್ರಶ್ನೆ: ಐಎನ್‌ಎಸ್ ಮೈಸೂರಿನಂತಹ ನೌಕೆ ಮಂಗಳೂರಿನ ದಕ್ಕೆಗೆ ಬರಬಹುದೆ? ಯುದ್ಧನೌಕೆಯನ್ನು ಹತ್ತಿರದಿಂದ ನೋಡಲು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು? — ಶಿಕ್ಷಕರು, ಮಂಗಳೂರು

ಉತ್ತರ: ಹಳೆಯ ಬಂದರಿಗೆ ಬರಲಾಗದು. ನೌಕೆಯ ಅಡಿಭಾಗ ನೀರಿನಲ್ಲಿ ಸುಮಾರು ಆರೂವರೆ ಮೀಟರ್ ಇಳಿದಿರುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ ಮರಳು ತುಂಬುತ್ತಲೇ ಇರುವುದರಿಂದ ಅಲ್ಲಿ ಅಷ್ಟು ಆಳ ಸಿಗುವುದಿಲ್ಲ. 1970ರ ದಶಕದಲ್ಲಿ ದಡದ ಒಳಭಾಗವನ್ನು ಅಗೆದು ಕಟ್ಟಿದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಆಳದ ಚಿಂತೆಯಿಲ್ಲ, ಇದರ ಎರಡರಷ್ಟು ಆಳ ಬೇಕಾಗುವ ತೈಲ ಹಡಗುಗಳೇ ಅಲ್ಲಿ ಬಂದು ನಿಲ್ಲುತ್ತವೆ. ನೌಕಾದಳದ ಅಥವಾ ಕರಾವಳಿ ಕಾವಲು ಪಡೆಯ ಹಡಗುಗಳು ಬಂದಾಗ ಕೆಲವೊಮ್ಮೆ ಶಾಲಾ ಮಕ್ಕಳಿಗೆ ಪ್ರವೇಶ ಕೊಡುವುದುಂಟು, ಅದಕ್ಕೆ ಶಾಲೆಯ ಕಡೆಯಿಂದ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಬೇಕು. ಅಷ್ಟರವರೆಗೆ ಕಾಯಲಾಗದಿದ್ದರೆ ಕಾರವಾರಕ್ಕೆ ಹೋಗಿ. ಅಲ್ಲಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು ದಡಕ್ಕೇರಿಸಿ ಸಂಗ್ರಹಾಲಯ ಮಾಡಿದ್ದಾರೆ. ಡೆಸ್ಟ್ರಾಯರ್‌ಗಿಂತ ಅದು ಬಹಳ ಚಿಕ್ಕದು, ಆದರೆ ಕ್ಷಿಪಣಿಯ ಗೂಡು ಎಲ್ಲಿರುತ್ತದೆ, ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಮಲಗುತ್ತಾರೆ, ಚುಕ್ಕಾಣಿ ಹಿಡಿಯುವವರಿಗೆ ಮುಂದಿನದು ಎಷ್ಟು ಕಾಣುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಹೋಗುವ ಮುನ್ನ ತೆರೆದಿರುವ ದಿನ ಮತ್ತು ಸಮಯವನ್ನು ವಿಚಾರಿಸಿಕೊಂಡು, ಮಳೆಗಾಲ ಕಳೆದ ಮೇಲೆ ಹೊರಡುವುದು ಒಳ್ಳೆಯದು.